ಅಮೆರಿಕದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆಗಬೇಕೆ? ಕಾಲೇಜಿನ ಹೆಸರು ಆಮೇಲೆ ಕೇಳಿ

ಹೋದ ವಾರ ಮತ್ತೆ ಅದೇ ಮೆಸೇಜ್ ಬಂತು. ನಾನು ಬಿಎಸ್ಸಿ ನರ್ಸಿಂಗ್ ಓದಿದ ಕಾಲೇಜಿನಲ್ಲೇ ಓದಿದ ಹುಡುಗಿ, ನನಗಿಂತ ಆರು ವರ್ಷ ಚಿಕ್ಕವಳು. ಗಂಡನ ಕೆಲಸದ ಜೊತೆ ಟೆಕ್ಸಾಸ್‌ಗೆ ಬಂದು ಎರಡು ವರ್ಷ ಆಗಿದೆ. "ಅಕ್ಕಾ, ಎಫ್‌ಎನ್‌ಪಿ ಮಾಡ್ಬೇಕು ಅಂತಿದೀನಿ. ಯಾವ ಕಾಲೇಜು ಚೆನ್ನಾಗಿದೆ?"

ಎಫ್‌ಎನ್‌ಪಿ ಅಂದರೆ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್. ಪ್ರಶ್ನೆ ತಪ್ಪಲ್ಲ. ಆದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಾನೂ ಅದನ್ನೇ ಮೊದಲು ಕೇಳಿದ್ದೆ, ಅದರಿಂದ ಒಂದು ಸೆಮಿಸ್ಟರ್ ಕಳೆದುಕೊಂಡೆ. ಅವಳಿಗೆ ಬರೆದ ಉತ್ತರವನ್ನೇ ಸ್ವಲ್ಪ ತಿದ್ದಿ, ಇನ್ನಷ್ಟು ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ನರ್ಸ್ ಪ್ರಾಕ್ಟೀಷನರ್ ಅಂದರೆ ರೋಗಿಯನ್ನು ತಾನೇ ಪರೀಕ್ಷಿಸಿ, ಕಾಯಿಲೆ ಏನೆಂದು ನಿರ್ಧರಿಸಿ, ಔಷಧ ಬರೆಯುವ ನರ್ಸ್. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇದನ್ನು ಶುರು ಮಾಡಿದರು. ಹಳ್ಳಿಗಾಡಿನ ಮಕ್ಕಳಿಗೆ ಡಾಕ್ಟರ್ ಸಿಗುತ್ತಿರಲಿಲ್ಲ, ಅದಕ್ಕೆ. ಫೋರ್ಡ್ 2025ರ ಜನವರಿಯಲ್ಲಿ ತೀರಿಕೊಂಡರು, 104 ವರ್ಷ ಬದುಕಿದ್ದರು. ನರ್ಸ್ ಪ್ರಾಕ್ಟೀಷನರ್‌ಗಳಲ್ಲಿ ಫ್ಯಾಮಿಲಿ ವಿಭಾಗದವರೇ ಜಾಸ್ತಿ. ಹಸುಗೂಸಿನಿಂದ ಅಜ್ಜಿಯವರೆಗೆ ಎಲ್ಲರನ್ನೂ ನೋಡುವ ಕೆಲಸ ಇದು.

ಇಂಡಿಯಾದಲ್ಲಿ ಇದೇ ಕೋರ್ಸ್ ಇಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ತಂದಿರುವುದು ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಮತ್ತು ಮಿಡ್‌ವೈಫರಿ ನರ್ಸ್ ಪ್ರಾಕ್ಟೀಷನರ್. ಎರಡೂ ಬೇರೆ ದಾರಿ. ಅವನ್ನು ಮಾಡಿಕೊಂಡು ಬಂದರೆ ಇಲ್ಲಿ ನೇರವಾಗಿ ಎಫ್‌ಎನ್‌ಪಿ ಆಗುವುದಿಲ್ಲ.

ಮೊದಲು: ನಿಮಗೆ ಬೇಕಿರುವುದು ಇದೇನಾ?

ಇಲ್ಲಿ ನರ್ಸ್ ಪ್ರಾಕ್ಟೀಷನರ್ ಓದನ್ನು ರೋಗಿಗಳ ಗುಂಪಿನ ಮೇಲೆ ಭಾಗ ಮಾಡಿದ್ದಾರೆ. ಫ್ಯಾಮಿಲಿ, ವಯಸ್ಕರು ಮತ್ತು ವೃದ್ಧರು, ಮಕ್ಕಳು, ನವಜಾತ ಶಿಶು, ಮಹಿಳೆಯರು, ಮಾನಸಿಕ ಆರೋಗ್ಯ. ನೀವು ಯಾವುದರಲ್ಲಿ ಓದಿದಿರೋ ಅದರಲ್ಲೇ ಪರೀಕ್ಷೆ, ಅದರಲ್ಲೇ ಲೈಸೆನ್ಸ್. ಆಮೇಲೆ ಬದಲಾಯಿಸಬೇಕು ಅಂದರೆ ಇನ್ನೊಂದು ಸರ್ಟಿಫಿಕೇಟ್ ಓದಬೇಕು.

ಹತ್ತು ವರ್ಷ ಐಸಿಯುನಲ್ಲಿ ಕೆಲಸ ಮಾಡಿದವರು "ಎಫ್‌ಎನ್‌ಪಿ ಮಾಡಿದರೆ ಎಲ್ಲ ಕಡೆ ಕೆಲಸ ಸಿಗುತ್ತೆ" ಅಂತ ಸೇರಿಬಿಡುತ್ತಾರೆ. ಅರ್ಧ ನಿಜ. ಎಫ್‌ಎನ್‌ಪಿ ಓದು ಕ್ಲಿನಿಕ್‌ಗಾಗಿ, ನಮ್ಮ ಭಾಷೆಯಲ್ಲಿ ಓಪಿಡಿಗಾಗಿ. ಬಿಪಿ, ಶುಗರ್, ಥೈರಾಯ್ಡ್, ಕೆಮ್ಮು, ಚುಚ್ಚುಮದ್ದು, ಸೊಂಟ ನೋವು. ವೆಂಟಿಲೇಟರ್ ಬಿಟ್ಟಿರಲಾರೆ ಎನ್ನುವವರು ಅಕ್ಯೂಟ್ ಕೇರ್ ವಿಭಾಗ ನೋಡಿ. ಹದಿನೈದು ನಿಮಿಷಕ್ಕೊಬ್ಬ ರೋಗಿ, ದಿನವಿಡೀ ಮಾತು, ಸಂಜೆ ಕೂತು ಬರೆಯಬೇಕಾದ ನೋಟ್ಸ್ — ಇದು ಒಗ್ಗುತ್ತದಾ ಅಂತ ಒಂದು ದಿನ ಯಾರದಾದರೂ ಕ್ಲಿನಿಕ್‌ನಲ್ಲಿ ಹಿಂದೆ ನಿಂತು ನೋಡಿ.

ಎರಡನೆಯದು: ಆರ್‌ಎನ್ ಲೈಸೆನ್ಸ್ ಮತ್ತು ಊರಿನ ಕಾಗದಗಳು

ಅಮೆರಿಕದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಇಲ್ಲದೆ ಈ ಓದಿಗೆ ಬಾಗಿಲು ತೆರೆಯುವುದಿಲ್ಲ. ಅಂದರೆ ನಿಮ್ಮ ಓದಿನ ಮೌಲ್ಯಮಾಪನ, ಆಮೇಲೆ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ. ಎನ್‌ಕ್ಲೆಕ್ಸ್ ಅನ್ನು ಬೆಂಗಳೂರಿನಲ್ಲೇ ಬರೆಯಬಹುದು. 2023ರ ಏಪ್ರಿಲ್‌ನಿಂದ ಹೊಸ ಮಾದರಿ ಬಂದಿದೆ, ಹಳೇ ಪುಸ್ತಕ ಕಪಾಟಿನಲ್ಲೇ ಇರಲಿ.

ಇಲ್ಲಿ ನಮ್ಮವರನ್ನು ಕಾಡುವುದು ಪರೀಕ್ಷೆಗಿಂತ ಕಾಗದ. ಟ್ರಾನ್ಸ್‌ಕ್ರಿಪ್ಟ್ ಅನ್ನು ಕಾಲೇಜು ಅಥವಾ ವಿಶ್ವವಿದ್ಯಾಲಯ ನೇರವಾಗಿ ಮೌಲ್ಯಮಾಪನ ಸಂಸ್ಥೆಗೆ ಕಳಿಸಬೇಕು. ನಿಮ್ಮ ಕೈಯಿಂದ ಹೋದರೆ ತಗೊಳ್ಳುವುದಿಲ್ಲ. ನರ್ಸಿಂಗ್ ಕೌನ್ಸಿಲ್ ನೋಂದಣಿಯ ದೃಢೀಕರಣವೂ ಹಾಗೇ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿ ಓದಿದವರು ಊರಿಗೆ ಹೋದಾಗಲೇ ಈ ಕೆಲಸ ಶುರು ಮಾಡಿಸಿ ಬರುವುದು ಒಳ್ಳೆಯದು. ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು.

ಇನ್ನೊಂದು, ಹೆಸರು. ನಮ್ಮ ಕಡೆ ಇನಿಷಿಯಲ್ ಪದ್ಧತಿ ಅಲ್ವಾ? ಮಾರ್ಕ್ಸ್ ಕಾರ್ಡಿನಲ್ಲಿ "ಸವಿತಾ ಎಚ್. ಕೆ.", ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು. ಮದುವೆಯಾದ ಮೇಲೆ ಗಂಡನ ಹೆಸರು ಬೇರೆ. ಮೂರು ಕಾಗದದಲ್ಲಿ ಮೂರು ಹೆಸರಿದ್ದರೆ ಇಲ್ಲಿಯವರಿಗೆ ಅದು ಮೂರು ಜನ. ಎಲ್ಲವೂ ಒಬ್ಬರದೇ ಎನ್ನುವ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ.

ಜಿಎನ್‌ಎಂ ಡಿಪ್ಲೊಮಾ ಮಾತ್ರ ಆಗಿದ್ದರೆ ನೇರವಾಗಿ ಮಾಸ್ಟರ್ಸ್‌ಗೆ ಸೇರುವುದು ಕಷ್ಟ. ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಬನ್ನಿ, ಇಲ್ಲವಾದರೆ ಡಿಪ್ಲೊಮಾದಿಂದ ಮೇಲಕ್ಕೆ ದಾಟಿಸುವ ಇಲ್ಲಿನ ಬ್ರಿಜ್ ಕೋರ್ಸ್ ನೋಡಿ. ಎಂಎಸ್ಸಿ ನರ್ಸಿಂಗ್ ಆಗಿದೆಯಾ? ಹಾಗಾದರೆ ಪೂರ್ತಿ ಮಾಸ್ಟರ್ಸ್ ಮತ್ತೆ ಓದದೆ ಪೋಸ್ಟ್ ಗ್ರಾಜುಯೇಟ್ ಸರ್ಟಿಫಿಕೇಟ್ ಸಾಕಾಗಬಹುದು. ಎಲ್ಲ ಕಡೆ ಒಪ್ಪುವುದಿಲ್ಲ, ಆದರೂ ಕೇಳದೆ ಬಿಡಬೇಡಿ.

ಲೈಸೆನ್ಸ್ ಬಂದ ಮೇಲೆ ಒಂದೆರಡು ವರ್ಷ ಆರ್‌ಎನ್ ಆಗಿ ಕೆಲಸ ಮಾಡಿ. ಕೆಲಸದ ಅನುಭವ ಕೇಳದ ಕಾಲೇಜುಗಳೂ ಇವೆ. ನನ್ನ ಅಭಿಪ್ರಾಯದಲ್ಲಿ ಅದು ಅವರಿಗೆ ಲಾಭ, ನಿಮಗಲ್ಲ. ಇಲ್ಲಿನ ಇನ್ಶೂರೆನ್ಸ್ ವ್ಯವಸ್ಥೆ, ಔಷಧಗಳ ಹೆಸರು, ರೋಗಿಗಳು ಮಾತಾಡುವ ರೀತಿ ಇವೆಲ್ಲ ಪುಸ್ತಕದಿಂದ ಬರುವುದಿಲ್ಲ. ಡೋಲೋ ಅಂತ ಹೇಳಿ ಅಭ್ಯಾಸವಾದ ಬಾಯಿಗೆ ಅಸಿಟಾಮಿನೋಫೆನ್ (ಪ್ಯಾರಾಸಿಟಮಾಲ್‌ಗೆ ಇಲ್ಲಿನ ಹೆಸರು) ಬರಲು ನನಗೆ ಆರು ತಿಂಗಳು ಬೇಕಾಯಿತು.

ಮೂರನೆಯದು: ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರಿ?

ಕಾಲೇಜಿಗಿಂತ ಮೊದಲು ಇದನ್ನು ತೀರ್ಮಾನಿಸಿ. ಇಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಡಾಕ್ಟರ್ ಒಪ್ಪಂದವಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡಬಹುದು. ವಾಷಿಂಗ್ಟನ್, ಅರಿಜೋನಾ, ಕೊಲೊರಾಡೊ ಅಂಥವು. ಕೆಲವೆಡೆ ಇಷ್ಟು ಗಂಟೆ ದುಡಿದ ಮೇಲೆ ಸ್ವಾತಂತ್ರ್ಯ. ಇಲಿನಾಯ್‌ನಲ್ಲಿ 4,000 ಗಂಟೆ ಮತ್ತು 250 ಗಂಟೆಯ ಹೆಚ್ಚುವರಿ ತರಬೇತಿ. ನ್ಯೂಯಾರ್ಕ್‌ನಲ್ಲಿ 3,600 ಗಂಟೆ. ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿ, 2023ರಿಂದ ಹಂತಹಂತವಾಗಿ ಬಿಡುತ್ತಿದೆ. ಅಲ್ಲಿ ಮೊದಲ ಹಂತಕ್ಕೇ ಮೂರು ವರ್ಷ ಅಥವಾ 4,600 ಗಂಟೆ ಬೇಕು.

ನಾನಿರುವ ಟೆಕ್ಸಾಸ್ ಬಿಗಿ. ಔಷಧ ಬರೆಯಲು ಒಬ್ಬ ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಇರಲೇಬೇಕು, ತಿಂಗಳಿಗೊಮ್ಮೆ ಅವರ ಜೊತೆ ಸಭೆ. ಒಬ್ಬ ಡಾಕ್ಟರ್ ಸಾಮಾನ್ಯವಾಗಿ ಏಳು ಜನರಿಗಿಂತ ಹೆಚ್ಚು ಮಂದಿಗೆ ಹೀಗೆ ಅಧಿಕಾರ ಕೊಡುವಂತಿಲ್ಲ. ಮಾರ್ಫಿನ್‌ನಂಥ ಶೆಡ್ಯೂಲ್ ಎರಡರ (ಚಟ ಹಿಡಿಸಬಲ್ಲ, ಬಿಗಿ ನಿಯಂತ್ರಣದ) ಔಷಧಗಳನ್ನು ಕ್ಲಿನಿಕ್‌ನಿಂದ ಬರೆಯುವ ಹಾಗೇ ಇಲ್ಲ, ಆಸ್ಪತ್ರೆಯಲ್ಲಿ ಅಥವಾ ಹಾಸ್ಪಿಸ್‌ನಲ್ಲಿ (ಕೊನೆಗಾಲದ ಆರೈಕೆಯಲ್ಲಿ) ಮಾತ್ರ. ಶಾಲೆಗೆ ಹೋಗುವ ಮಗುವಿಗೆ ಅದೇ ಪಟ್ಟಿಯ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಮಾತ್ರೆ ಬೇಕಾದರೂ ನಾನು ಪಕ್ಕದ ಕೋಣೆಯ ಡಾಕ್ಟರನ್ನು ಕರೆಯಬೇಕು. ಬೇಸರ ಆಗುತ್ತದೆ, ನಿಜ. ಆದರೆ ಮನೆ, ಮಕ್ಕಳ ಶಾಲೆ, ಗಂಡನ ಆಫೀಸು ಎಲ್ಲ ಇಲ್ಲಿದ್ದಾಗ ಕಾನೂನು ನೋಡಿ ಊರು ಬಿಡುವುದಕ್ಕೆ ಆಗುತ್ತದಾ?

ವೀಸಾ ಬಗ್ಗೆ ಎರಡೇ ಮಾತು. ಕೆಲಸದ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಬಹುದು, ಅನುಮತಿ ಇಲ್ಲದೆ ದುಡಿಯುವಂತಿಲ್ಲ. ಆರ್‌ಎನ್ ಕೆಲಸಕ್ಕೆ ಸಾಮಾನ್ಯವಾಗಿ ಎಚ್-1ಬಿ ಎಂಬ ಕೆಲಸದ ವೀಸಾ ಸಿಗುವುದಿಲ್ಲ. ನರ್ಸ್ ಪ್ರಾಕ್ಟೀಷನರ್ ಹುದ್ದೆಗೆ ಮಾಸ್ಟರ್ಸ್ ಬೇಕೇಬೇಕು, ಹಾಗಾಗಿ ಅದಕ್ಕೆ ದಾರಿಯಿದೆ. ಉಳಿದದ್ದನ್ನು ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ, ಫೀಸು ಕೊಟ್ಟು ವಕೀಲರನ್ನೇ ಕೇಳಿ.

ನಾಲ್ಕನೆಯದು: ಈಗ ಕಾಲೇಜು

ಮೊದಲು ಮಾನ್ಯತೆ. ನರ್ಸಿಂಗ್ ಓದನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಿಸಿಎನ್ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿ, ಅದೂ ಕಾಲೇಜಿನ ಮಾತು ನಂಬಿ ಅಲ್ಲ, ಆ ಸಂಸ್ಥೆಗಳ ಪಟ್ಟಿಯಲ್ಲೇ ಹುಡುಕಿ. ಮಾನ್ಯತೆ ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. 2023ರ ಜನವರಿಯಲ್ಲಿ ಫ್ಲೋರಿಡಾದ ಮೂರು ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ಡಿಪ್ಲೊಮಾ ಮಾರಾಟವಾಗಿದ್ದು ಬಯಲಾಯಿತು. ಅದು ಆರ್‌ಎನ್ ಮಟ್ಟದ ಹಗರಣ, ಎಫ್‌ಎನ್‌ಪಿಯದಲ್ಲ. ಆದರೂ "ಬೇಗ ಮುಗಿಯುತ್ತೆ, ತಲೆ ಕೆಡಿಸ್ಕೋಬೇಡಿ" ಎನ್ನುವವರು ಎಲ್ಲ ಕಡೆ ಇರುತ್ತಾರೆ.

ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್) ಸಾಕಾ, ಡಿಎನ್‌ಪಿ (ನರ್ಸಿಂಗ್ ಡಾಕ್ಟರೇಟ್) ಬೇಕಾ? 2015ರ ಹೊತ್ತಿಗೆ ಎಲ್ಲರೂ ಡಾಕ್ಟರೇಟ್ ಮಾಡಬೇಕು ಎಂದು ಇಲ್ಲಿನ ನರ್ಸಿಂಗ್ ಕಾಲೇಜುಗಳ ಒಕ್ಕೂಟ 2004ರಲ್ಲಿ ಹೇಳಿತು. ಆಗಲಿಲ್ಲ. ಇವತ್ತಿಗೂ ಎಂಎಸ್‌ಎನ್ ಮುಗಿಸಿದವರು ಪರೀಕ್ಷೆ ಬರೆದು ಕೆಲಸಕ್ಕೆ ಸೇರಬಹುದು. ಪಾಠ ಮಾಡುವ ಆಸೆಯಿದ್ದರೆ ಡಿಎನ್‌ಪಿ ಮಾಡಿ. ಬರೀ ರೋಗಿ ನೋಡುವ ಆಸೆಯಾದರೆ ಎಂಎಸ್‌ಎನ್ ಮುಗಿಸಿ, ದುಡಿಯುತ್ತಾ ಯೋಚನೆ ಮಾಡಿ. ಕ್ಲಿನಿಕ್‌ನಲ್ಲಿ ಎರಡಕ್ಕೂ ಕೆಲಸ ಒಂದೇ. ಎಂಎಸ್‌ಎನ್‌ಗೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ.

ಆನ್‌ಲೈನ್ ಓದು ಎಂದರೆ ಮೂಗು ಮುರಿಯಬೇಡಿ. ಕೆಂಟುಕಿಯ ಫ್ರಾಂಟಿಯರ್ ನರ್ಸಿಂಗ್ ವಿಶ್ವವಿದ್ಯಾಲಯ 1970ರಲ್ಲೇ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಓದು ಶುರು ಮಾಡಿದ ಹಳೇ ಸಂಸ್ಥೆ. ಈಗ ಅಲ್ಲಿಯೂ ಹೆಚ್ಚಿನ ಪಾಠ ದೂರದಿಂದಲೇ. ಪಾಠ ಆನ್‌ಲೈನ್ ಆಗಬಹುದು, ಪೋಸ್ಟಿಂಗ್ (ಕ್ಲಿನಿಕ್‌ನಲ್ಲಿ ರೋಗಿಗಳನ್ನು ನೋಡಿ ಕಲಿಯುವುದು) ಆಗುವುದಿಲ್ಲ. ಅದಕ್ಕೇ ಆನ್‌ಲೈನ್ ಕಾಲೇಜನ್ನು ಕೇಳಬೇಕಾದದ್ದು ಇದು: ನಾನಿರುವ ರಾಜ್ಯದಲ್ಲಿ ಪೋಸ್ಟಿಂಗ್ ಮಾಡಲು ನಿಮಗೆ ಅನುಮತಿ ಇದೆಯಾ? ಇಲ್ಲಿ ಓದಿದರೆ ನನ್ನ ರಾಜ್ಯ ಲೈಸೆನ್ಸ್ ಕೊಡುತ್ತದಾ? ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಓದುವ ಮಧ್ಯೆ ಮನೆ ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋಗಿ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ಅರ್ಜಿಗೆ ಬೇಕಾಗುವುದು ಟ್ರಾನ್ಸ್‌ಕ್ರಿಪ್ಟ್, ಸಾಮಾನ್ಯವಾಗಿ 4ಕ್ಕೆ 3.0 ಜಿಪಿಎ (ಸರಾಸರಿ ಅಂಕ), ಇಬ್ಬರು ಮೂವರ ಶಿಫಾರಸು ಪತ್ರ, ನಿಮ್ಮ ಬಗ್ಗೆ ಒಂದು ಬರಹ. ಅನೇಕ ಕಡೆ ಸ್ಟ್ಯಾಟಿಸ್ಟಿಕ್ಸ್ ಓದಿರಬೇಕು ಎನ್ನುತ್ತಾರೆ. ಬರಹದಲ್ಲಿ "ಬಾಲ್ಯದಿಂದಲೂ ಸೇವೆಯ ಕನಸು" ಬೇಡ. ನೀವು ನೋಡಿಕೊಂಡ ಒಬ್ಬ ರೋಗಿಯ ಬಗ್ಗೆ ಬರೆಯಿರಿ, ಹೆಸರು ಬಿಟ್ಟು.

ಐದನೆಯದು: ಪ್ರಿಸೆಪ್ಟರ್. ಇಡೀ ಓದು ನಿಂತಿರುವುದು ಇದರ ಮೇಲೆ

ಪ್ರಿಸೆಪ್ಟರ್ ಅಂದರೆ ಪೋಸ್ಟಿಂಗ್‌ನಲ್ಲಿ ನಿಮ್ಮನ್ನು ಜೊತೆಗಿಟ್ಟುಕೊಂಡು ಕಲಿಸುವ ನರ್ಸ್ ಪ್ರಾಕ್ಟೀಷನರ್ ಅಥವಾ ಡಾಕ್ಟರ್. ನಮ್ಮಲ್ಲಿ ಪೋಸ್ಟಿಂಗ್ ಅಂದರೆ ಕಾಲೇಜಿನ ಬಸ್ ಹತ್ತುವುದು, ಯಾವ ವಾರ್ಡ್ ಅಂತ ನೋಟಿಸ್ ಬೋರ್ಡ್ ನೋಡುವುದು. ಇಲ್ಲಿಯೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಕಾಲೇಜಿನ ಕೈಪಿಡಿಯ ಎಲ್ಲೋ ಒಂದು ಪುಟದಲ್ಲಿ "ಪ್ರಿಸೆಪ್ಟರ್ ಹುಡುಕುವುದು ವಿದ್ಯಾರ್ಥಿಯ ಹೊಣೆ" ಎಂದು ಬರೆದಿತ್ತು. ನಾನು ಓದಿರಲಿಲ್ಲ.

ಆ ಬೇಸಿಗೆಯಲ್ಲಿ ನಲವತ್ತಕ್ಕೂ ಹೆಚ್ಚು ಕ್ಲಿನಿಕ್‌ಗಳಿಗೆ ಇಮೇಲ್ ಕಳಿಸಿದೆ. ಉತ್ತರ ಬಂದದ್ದು ನಾಲ್ಕು, ನಾಲ್ಕೂ "ಇಲ್ಲ". ಆ ಸೆಮಿಸ್ಟರ್ ಹೋಯಿತು, ಕಟ್ಟಿದ ಫೀಸಿನಲ್ಲಿ ಒಂದು ಭಾಗವೂ ಹೋಯಿತು. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ. ಅಲ್ಲಿನ ನರ್ಸ್ ಪ್ರಾಕ್ಟೀಷನರ್‌ಗೆ ಬಾಯಿಬಿಟ್ಟು ಕೇಳಿದೆ. ಆಕೆ ಕ್ಯಾಲೆಂಡರ್ ನೋಡಿ, "ಮಂಗಳವಾರ ಮತ್ತು ಗುರುವಾರ ಬರ್ತೀಯಾ?" ಎಂದರು.

ಅದರಿಂದ ಕಲಿತದ್ದು ಇಷ್ಟು. ಇಮೇಲ್‌ಗಿಂತ ಮುಖ ತೋರಿಸುವುದು ಮೇಲು. ನಿಮ್ಮ ಮನೆಯವರ ಡಾಕ್ಟರ್, ನೀವು ಆರ್‌ಎನ್ ಆಗಿರುವ ಆಸ್ಪತ್ರೆಗೆ ಸೇರಿದ ಕ್ಲಿನಿಕ್‌ಗಳು, ಹಿಂದಿನ ಬ್ಯಾಚಿನವರು, ಕನ್ನಡ ಸಂಘದ ಊಟದಲ್ಲಿ ಪಕ್ಕ ಕೂತವರು, ಎಲ್ಲರನ್ನೂ ಕೇಳಿ. ನಮಗೆ ಕೇಳುವ ಸಂಕೋಚ ಜಾಸ್ತಿ, ಅದೇ ದೊಡ್ಡ ಅಡ್ಡಿ. ಬೇಕಾಗುವುದಕ್ಕೆ ಆರೆಂಟು ತಿಂಗಳು ಮೊದಲೇ ಶುರು ಮಾಡಿ. ದುಡ್ಡು ತಗೊಂಡು ಪ್ರಿಸೆಪ್ಟರ್ ಹೊಂದಿಸಿಕೊಡುವ ಕಂಪನಿಗಳಿವೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅವರ ಹತ್ತಿರ ಹೋಗಿ, ಅದೂ ಕಾಲೇಜಿನ ಒಪ್ಪಿಗೆ ಪಡೆದ ಮೇಲೆ.

ಗಂಟೆಗಳ ಲೆಕ್ಕವನ್ನೂ ಈಗಲೇ ಹಾಕಿ. ಮೊದಲು ಕನಿಷ್ಠ 500 ಗಂಟೆ ಇತ್ತು. 2022ರ ಹೊಸ ರಾಷ್ಟ್ರೀಯ ಮಾನದಂಡ ಅದನ್ನು 750ಕ್ಕೆ ಏರಿಸಿತು, ಅಷ್ಟೂ ನೇರವಾಗಿ ರೋಗಿಗಳ ಜೊತೆ. ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆ, ಹದಿನೈದು ವಾರದ ಸೆಮಿಸ್ಟರ್ ಅಂದರೆ 240 ಗಂಟೆ. ಮೂರು ಸೆಮಿಸ್ಟರ್‌ಗೂ 720 ಮಾತ್ರ. ಇದಕ್ಕೆ ಸಂಬಳ ಇಲ್ಲ. ಜೊತೆಗೆ ವಾರಕ್ಕೆ ಮೂರು ಹನ್ನೆರಡು ಗಂಟೆಯ ಡ್ಯೂಟಿ ಮಾಡಿಕೊಂಡು, ಮನೆ ನೋಡಿಕೊಂಡು ಆಗುತ್ತದಾ? ಮಾಡಿದವರಿದ್ದಾರೆ. ನಾನು ಡ್ಯೂಟಿ ಎರಡಕ್ಕೆ ಇಳಿಸಿಕೊಂಡೆ, ಆರು ತಿಂಗಳು ಅಮ್ಮನನ್ನು ಕರೆಸಿಕೊಂಡೆ.

ಕ್ಲಿನಿಕ್ ಸೇರುವ ಮುಂಚೆ ಲಸಿಕೆ ದಾಖಲೆ ಕೇಳುತ್ತಾರೆ. ಟಿಬಿ ಪರೀಕ್ಷೆಯೂ ಇರುತ್ತದೆ. ನಾವೆಲ್ಲ ಹುಟ್ಟಿದಾಗ ಬಿಸಿಜಿ ಹಾಕಿಸಿಕೊಂಡವರು, ಚರ್ಮದ ಪರೀಕ್ಷೆಯಲ್ಲಿ ತೋಳು ಊದಿಕೊಂಡು ಸುಮ್ನೆ ಗಾಬರಿ, ಎಕ್ಸ್‌ರೇ, ವಾರಗಟ್ಟಲೆ ತಡ. ಮೊದಲೇ ರಕ್ತಪರೀಕ್ಷೆ ಮಾಡಿಸಿ ಅಂತ ಕೇಳಿ, ಕ್ವಾಂಟಿಫೆರಾನ್ ಅನ್ನುತ್ತಾರೆ. ಬಿಸಿಜಿಯಿಂದ ಅದಕ್ಕೆ ಏನೂ ಆಗುವುದಿಲ್ಲ.

ಆರನೆಯದು: ಓದು ಬದಲಾಯಿಸುವುದು ಏನನ್ನು?

ಪಠ್ಯದ ಬೆನ್ನೆಲುಬು ಮೂರು ವಿಷಯ: ಮೇಲ್ಮಟ್ಟದ ಪ್ಯಾಥೊಫಿಸಿಯಾಲಜಿ (ಕಾಯಿಲೆ ದೇಹವನ್ನು ಕೆಡಿಸುವ ಬಗೆ), ಫಾರ್ಮಕಾಲಜಿ (ಔಷಧಗಳು), ಫಿಸಿಕಲ್ ಅಸೆಸ್‌ಮೆಂಟ್ (ರೋಗಿಯ ಪರೀಕ್ಷೆ). ಇಲ್ಲಿ ಇವನ್ನು ಮೂರು "ಪಿ"ಗಳು ಅನ್ನುತ್ತಾರೆ. ಓದಿನ ಹೊರೆಗೆ ನಮ್ಮವರು ಹೆದರಬೇಕಿಲ್ಲ, ಕಂಠಪಾಠದಲ್ಲಿ ನಾವು ಗಟ್ಟಿ. ಕಷ್ಟ ಬೇರೆ ಕಡೆ ಇದೆ.

ಮೂರು ವರ್ಷದ ಮಗು, 14 ಕಿಲೋ, ನಿನ್ನೆಯಿಂದ ಒಂದು ಕಿವಿ ನೋವು, ಜ್ವರ ಅಷ್ಟಾಗಿ ಇಲ್ಲ. ಕಿವಿಯೊಳಗೆ ನೋಡಿದರೆ ಪೊರೆ ಕೆಂಪಾಗಿ ಉಬ್ಬಿದೆ. ಆರ್‌ಎನ್ ಆಗಿದ್ದಾಗ ನನ್ನ ಕೆಲಸ ಡಾಕ್ಟರ್ ಬರೆದ ಅಮಾಕ್ಸಿಸಿಲಿನ್ ಪ್ರಮಾಣ ಸರಿಯಾ ಅಂತ ನೋಡುವುದು. ಕಿಲೋಗೆ 80ರಿಂದ 90 ಮಿಲಿಗ್ರಾಂ, ದಿನಕ್ಕೆ 1,120ರಿಂದ 1,260, ಎರಡು ಪಾಲು, ಸರಿಯಾಗಿದೆ, ಕೊಡು. ಈಗ ಪ್ರಶ್ನೆಯೇ ಬೇರೆ: ಕೊಡಬೇಕಾ? ಇಂಥ ಮಗುವಿಗೆ ನೋವಿನ ಔಷಧ ಕೊಟ್ಟು 48ರಿಂದ 72 ಗಂಟೆ ಕಾದು ನೋಡಬಹುದು. ಆದರೆ ಅಮ್ಮ ರಾತ್ರಿಯಿಡೀ ನಿದ್ದೆಗೆಟ್ಟಿದ್ದಾಳೆ, ನಾಳೆ ಕೆಲಸಕ್ಕೆ ಹೋಗಬೇಕು, ಮತ್ತೆ ಕ್ಲಿನಿಕ್‌ಗೆ ಬರಲು ಕಾರಿಲ್ಲ. ಏನು ಮಾಡುತ್ತೀರಿ?

ನನ್ನ ಮೊದಲ ಪ್ರಿಸೆಪ್ಟರ್ ಪ್ರತಿ ರೋಗಿಯ ಮುಂದೆ ಇದನ್ನೇ ಕೇಳುತ್ತಿದ್ದರು: "ನೀನು ಏನು ಮಾಡ್ತೀಯಾ?" ನಾನು ಲಕ್ಷಣಗಳನ್ನೆಲ್ಲ ಚೆನ್ನಾಗಿ ಹೇಳಿ ಸುಮ್ಮನಾಗುತ್ತಿದ್ದೆ. ರೌಂಡ್ಸ್‌ನಲ್ಲಿ ಡಾಕ್ಟರ್ ಬಂದರೆ ಎದ್ದು ನಿಲ್ಲುವ, "ಯೆಸ್ ಸರ್" ಎನ್ನುವ ಅಭ್ಯಾಸ ಎಲ್ಲಿ ಹೋಗುತ್ತದೆ? ಎರಡು ತಿಂಗಳು ಬೇಕಾಯಿತು, ತಪ್ಪಾದರೂ ಪರವಾಗಿಲ್ಲ, ಒಂದು ನಿರ್ಧಾರ ಹೇಳಿ ಮುಗಿಸಲು. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ. ರೋಗಿಯ ಕಥೆ ಒಂದು ನಿಮಿಷ, ನಿಮಗೆ ಅನುಮಾನ ಇರುವ ಮೂರು ಕಾಯಿಲೆ, ಆಮೇಲೆ "ನಾನು ಇದನ್ನು ಮಾಡ್ತೀನಿ, ಯಾಕೆಂದರೆ". ತಿದ್ದಲು ಅವರಿದ್ದಾರೆ.

ಮಕ್ಕಳು, ಹೆಂಗಸರ ಆರೋಗ್ಯ, ವಯಸ್ಸಾದವರು, ಮೂರೂ ಕಡೆ ಗಂಟೆ ಸಿಗುವಂತೆ ನೋಡಿಕೊಳ್ಳಿ. ಬರೀ ಅರ್ಜೆಂಟ್ ಕೇರ್‌ನಲ್ಲಿ (ಸಣ್ಣಪುಟ್ಟ ತುರ್ತಿಗೆ ಬರುವ ಕ್ಲಿನಿಕ್‌ನಲ್ಲಿ) 750 ಗಂಟೆ ಕಳೆದರೆ ನೆಗಡಿ ಚೆನ್ನಾಗಿ ಕಲಿಯುತ್ತೀರಿ, ಶುಗರ್ ಕಲಿಯುವುದಿಲ್ಲ.

ದುಡ್ಡಿನ ಮಾತು

ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ 2023ರಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳ ಮಧ್ಯದ ಸಂಬಳ ವರ್ಷಕ್ಕೆ 1,26,260 ಡಾಲರ್, ಆರ್‌ಎನ್‌ಗಳದ್ದು 86,070. ನೋಡಲು ದೊಡ್ಡ ಅಂತರ. ಆದರೆ ರಾತ್ರಿ ಪಾಳಿ, ಓವರ್‌ಟೈಮ್ ಮಾಡುವ ಹಳೇ ಆರ್‌ಎನ್ ಹೊಸ ನರ್ಸ್ ಪ್ರಾಕ್ಟೀಷನರ್‌ಗಿಂತ ಜಾಸ್ತಿ ಮನೆಗೆ ತರುವುದೂ ಉಂಟು. ಸಂಬಳಕ್ಕಾಗಿಯೇ ಓದುವುದಾದರೆ ನಿಮ್ಮ ಪೇ ಸ್ಲಿಪ್ ಎದುರಿಟ್ಟುಕೊಂಡು ಲೆಕ್ಕ ಹಾಕಿ.

ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದರೆ ಓದಿಗೆ ನೆರವು ಕೇಳಿ. ವರ್ಷಕ್ಕೆ 5,250 ಡಾಲರ್‌ವರೆಗೆ ಅದಕ್ಕೆ ತೆರಿಗೆ ಇಲ್ಲ. ಬದಲಿಗೆ ಇಷ್ಟು ವರ್ಷ ಅಲ್ಲೇ ಇರಬೇಕು ಎನ್ನುವ ಷರತ್ತು ಇರಬಹುದು, ಓದಿ ಸಹಿ ಹಾಕಿ. ಸರ್ಕಾರಿ ಸಾಲ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ, ಎಚ್-4ನಲ್ಲಿರುವವರಿಗೆ ಇಲ್ಲ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಎಂಬ ಸಾಲ ಇಲ್ಲ. ಮಾಸ್ಟರ್ಸ್ ಓದುವವರಿಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ ಡಾಲರ್ ಮಿತಿ. ದುಬಾರಿ ಖಾಸಗಿ ಕಾಲೇಜು ಆರಿಸುವ ಮುಂಚೆ ಇದು ಲೆಕ್ಕದಲ್ಲಿರಲಿ. ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವನ್ನೇ ನಾನಾದರೆ ಮೊದಲು ನೋಡುತ್ತೇನೆ.

ಕೊನೆಯ ಹಂತ: ಪರೀಕ್ಷೆ, ಲೈಸೆನ್ಸ್, ಮೊದಲ ಕೆಲಸ

ರಾಷ್ಟ್ರೀಯ ಪರೀಕ್ಷೆ ಎರಡಿವೆ, ಒಂದು ಪಾಸಾದರೆ ಸಾಕು. ನರ್ಸ್ ಪ್ರಾಕ್ಟೀಷನರ್‌ಗಳ ಎಎಎನ್‌ಪಿ ಮಂಡಳಿಯದ್ದು 150 ಪ್ರಶ್ನೆ, ಮೂರು ಗಂಟೆ. ಹೆಚ್ಚುಕಡಿಮೆ ಪೂರ್ತಿ ರೋಗಿಗಳ ಬಗ್ಗೆಯೇ. ಎಎನ್‌ಸಿಸಿ ಎಂಬ ಇನ್ನೊಂದು ಸಂಸ್ಥೆಯದ್ದು 175 ಪ್ರಶ್ನೆ, ಮೂರೂವರೆ ಗಂಟೆ. ಅದರಲ್ಲಿ ಸಂಶೋಧನೆ, ನೀತಿನಿಯಮಗಳ ಪ್ರಶ್ನೆಗಳೂ ಬರುತ್ತವೆ. ಪಾಠ ಮಾಡುವ ಯೋಚನೆ ಇದ್ದವರು ಎರಡನೆಯದನ್ನು, ಉಳಿದವರು ಮೊದಲನೆಯದನ್ನು ಬರೆಯುವುದು ರೂಢಿ. ನಾನು ಮೊದಲನೆಯದು ಬರೆದೆ. ಓದು ಮುಗಿದ ಎರಡು ಮೂರು ತಿಂಗಳೊಳಗೆ ಬರೆದುಬಿಡಿ, ತಡ ಮಾಡಿದಷ್ಟೂ ಮರೆಯುತ್ತದೆ. ಐದು ವರ್ಷಕ್ಕೊಮ್ಮೆ ನವೀಕರಣ.

ಆಮೇಲೆ ರಾಜ್ಯದ ಲೈಸೆನ್ಸ್, ಎನ್‌ಪಿಐ ಸಂಖ್ಯೆ (ಚಿಕಿತ್ಸೆ ಕೊಡುವವರ ರಾಷ್ಟ್ರೀಯ ಗುರುತು), ನಿಯಂತ್ರಿತ ಔಷಧ ಬರೆಯಲು ಡಿಇಎ (ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ. ಡಿಇಎಗೆ 2023ರ ಜೂನ್‌ನಿಂದ ವ್ಯಸನ ಚಿಕಿತ್ಸೆಯ ಬಗ್ಗೆ ಎಂಟು ಗಂಟೆಯ ತರಬೇತಿ ಆಗಿರಬೇಕು. ಇದೆಲ್ಲ ಆದ ಮೇಲೂ ಇನ್ಶೂರೆನ್ಸ್ ಕಂಪನಿಗಳು ನಿಮ್ಮನ್ನು ಪಟ್ಟಿಗೆ ಸೇರಿಸಲು ಮೂರು ನಾಲ್ಕು ತಿಂಗಳು ಎಳೆಯುತ್ತವೆ. ಆರ್‌ಎನ್ ಕೆಲಸವನ್ನು ಅಲ್ಲಿಯವರೆಗೂ ಬಿಡಬೇಡಿ.

ಮೊದಲ ಕೆಲಸದ ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು: ಮೊದಲ ತಿಂಗಳು ದಿನಕ್ಕೆ ಎಷ್ಟು ರೋಗಿಗಳು, ಆರನೇ ತಿಂಗಳಲ್ಲಿ ಎಷ್ಟು? ನನಗೆ ಅನುಮಾನ ಬಂದಾಗ ಯಾರನ್ನು ಕೇಳಲಿ, ಅವರು ಅದೇ ಕಟ್ಟಡದಲ್ಲಿ ಇರುತ್ತಾರಾ? "ಎರಡನೇ ವಾರದಿಂದಲೇ ಇಪ್ಪತ್ತೆರಡು" ಎಂದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. ಒಪ್ಪಂದದಲ್ಲಿ ಮಾಲ್‌ಪ್ರಾಕ್ಟೀಸ್ ಇನ್ಶೂರೆನ್ಸ್ (ಚಿಕಿತ್ಸೆ ತಪ್ಪಾಯಿತು ಎನ್ನುವ ದೂರಿಗೆ ಇರುವ ವಿಮೆ) ಯಾವ ರೀತಿಯದು ಅಂತಲೂ ನೋಡಿ. "ಕ್ಲೇಮ್ಸ್ ಮೇಡ್" ರೀತಿಯದ್ದಾದರೆ ಕೆಲಸ ಬಿಟ್ಟ ಮೇಲೆ ಬರುವ ದೂರಿಗೆ ಅದು ನಿಲ್ಲುವುದಿಲ್ಲ, ಅದಕ್ಕೆ ಬೇರೆ "ಟೇಲ್" ಪಾಲಿಸಿ ಕೊಳ್ಳಬೇಕು. ಆ ದುಡ್ಡು ಯಾರು ಕೊಡುತ್ತಾರೆ ಎನ್ನುವುದನ್ನು ಸಹಿಗೆ ಮೊದಲೇ ಬರೆಸಿಕೊಳ್ಳಿ.